ಅಹಮದಾಬಾದ್, 2001: ನೆಲ ಅಲುಗಿದ್ದು ಕಡಿಮೆ, ಬಿದ್ದ ಮನೆಗಳು ಹೆಚ್ಚು

2001ರ ಜನವರಿ 26, ಗಣರಾಜ್ಯೋತ್ಸವದ ದಿನ. ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಗುಜರಾತಿನ ಕಚ್ಛ್ ಜಿಲ್ಲೆಯ ಭಚಾವು ಪಟ್ಟಣದ ಆಚೆ, ಚೊಬಾರಿ ಎಂಬ ಹಳ್ಳಿಯ ಹತ್ತಿರ ನೆಲದಡಿಯ ಬಂಡೆ ಸರಿಯಿತು. ತೀವ್ರತೆ 7.7. ಸರ್ಕಾರಿ ಲೆಕ್ಕದಲ್ಲೇ ಸತ್ತವರು 13,800ಕ್ಕೂ ಹೆಚ್ಚು, ಗಾಯಗೊಂಡವರು ಒಂದೂವರೆ ಲಕ್ಷಕ್ಕೂ ಮೇಲೆ. ಭುಜ್, ಅಂಜಾರ್, ಭಚಾವು, ರಾಪರ್ ಊರುಗಳು ಗುರುತು ಸಿಗದ ಹಾಗಾದವು. ಅಂಜಾರ್‌ನ ಇಕ್ಕಟ್ಟಾದ ಓಣಿಯಲ್ಲಿ ಬಾವುಟ ಹಿಡಿದು ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಎರಡೂ ಬದಿಯ ಮನೆಗಳ ಗೋಡೆ ಬಿದ್ದು ನೂರಕ್ಕೂ ಹೆಚ್ಚು ಮಕ್ಕಳು, ಜೊತೆಗಿದ್ದ ಶಿಕ್ಷಕರು ತೀರಿಕೊಂಡರು. ಆ ಮಕ್ಕಳ ನೆನಪಿಗೆ ಅಂಜಾರ್‌ನಲ್ಲಿ ಸ್ಮಾರಕವಿದೆ.

ಕಚ್ಛ್‌ನ ನಾಶಕ್ಕೆ ಕಾರಣ ಹುಡುಕಬೇಕಿಲ್ಲ. ಕೇಂದ್ರ ಅಲ್ಲೇ ಇತ್ತು, ಗೋಡೆಗಳು ಕಲ್ಲು ಮಣ್ಣಿನವು. ಹತ್ತಿಪ್ಪತ್ತು ಸಲ ಓದಿದರೂ ಸಮಾಧಾನ ಆಗದಿರುವುದು ಅಹಮದಾಬಾದಿನ ಕಥೆ. ಆ ನಗರ ಭೂಕಂಪದ ಕೇಂದ್ರದಿಂದ ಸುಮಾರು 230 ಕಿ.ಮೀ. ದೂರ. ಬೆಂಗಳೂರಿನಿಂದ ಚಿತ್ರದುರ್ಗ ದಾಟಿ ಹೋದಷ್ಟು. ಅಲ್ಲಿ ಸುಮಾರು 70 ಬಹುಮಹಡಿ ಕಟ್ಟಡಗಳು ಕುಸಿದು 700ಕ್ಕೂ ಹೆಚ್ಚು ಜನ ಸತ್ತರು. ಮಣಿನಗರದಲ್ಲಿ ಒಂದು ಶಾಲೆಯ ಕಟ್ಟಡವೂ ಕುಸಿಯಿತು. ಬಿದ್ದ ಮನೆಗಳು ಹಳೇ ಪೇಟೆಯ ಮರದ ಮನೆಗಳಲ್ಲ, ಬಹುಪಾಲು ಎಂಬತ್ತು ತೊಂಬತ್ತರ ದಶಕದಲ್ಲಿ ಎದ್ದ ಆರ್‌ಸಿಸಿ ಅಪಾರ್ಟ್‌ಮೆಂಟುಗಳು. ಕಾಂಕ್ರೀಟ್ ಅಂದರೆ ಗಟ್ಟಿ ಎಂದು ನಂಬಿ ಸಾಲ ಮಾಡಿ ಕೊಂಡವರ ಮನೆಗಳು.

ಅಹಮದಾಬಾದಿನ ಪಾಸ್‌ಪೋರ್ಟ್ ಕಚೇರಿ ಕಟ್ಟಡದಲ್ಲಿ ಕಂಪನ ಅಳೆಯುವ ಉಪಕರಣ ಇತ್ತು. ಕಟ್ಟಡದ ಬುಡದಲ್ಲಿ ಅದು ದಾಖಲಿಸಿದ ಗರಿಷ್ಠ ಅಡ್ಡ ವೇಗೋತ್ಕರ್ಷ ಸುಮಾರು 0.11 ಜಿ. ಅಂದರೆ ಗುರುತ್ವದ ಹತ್ತನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ಭೂಕಂಪದ ಲೆಕ್ಕದಲ್ಲಿ ಇದು ದೊಡ್ಡ ಸಂಖ್ಯೆಯಲ್ಲ. ಭಾರತದ ಭೂಕಂಪ ಮಾನದಂಡ ಐಎಸ್ 1893 ದೇಶವನ್ನು ವಲಯಗಳಾಗಿ ಹಂಚಿ ಪ್ರತಿ ವಲಯಕ್ಕೂ ನೆಲದ ಕಂಪನದ ಒಂದು ಅಂಕಿ ಕೊಟ್ಟಿದೆ. 2002ರ ಪರಿಷ್ಕರಣೆಯಲ್ಲಿ 2ನೇ ವಲಯಕ್ಕೆ 0.10, 3ಕ್ಕೆ 0.16, 4ಕ್ಕೆ 0.24, 5ಕ್ಕೆ 0.36. ಕಚ್ಛ್ 5ನೇ ವಲಯ, ಅಹಮದಾಬಾದ್ 3ನೆಯದು. ಬೆಂಗಳೂರು, ಮೈಸೂರು ಆ ನಕ್ಷೆಯಲ್ಲಿ 2ನೇ ವಲಯ; ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ 3ನೇ ವಲಯ. ಅಂದರೆ ಅಹಮದಾಬಾದಿನಲ್ಲಿ ಅಷ್ಟು ಮನೆಗಳನ್ನು ಕೆಡವಿದ ಕಂಪನ, ಬೆಂಗಳೂರಿಗೆ ಮಾನದಂಡವೇ ಬರೆದಿಟ್ಟ ಅಂಕಿಯ ಪಕ್ಕದಲ್ಲೇ ಇದೆ. "ನಮ್ಮದು ಸೇಫ್ ಜೋನ್" ಎಂದು ಸೈಟಿನಲ್ಲಿ ಹೇಳುವವರ ಮುಂದೆ ನಾನು ಇಡುವ ಮೊದಲ ಸಂಖ್ಯೆ ಇದು.

ಹಾಗಂತ 0.11 ಎಂಬ ಒಂದೇ ಅಂಕಿ ಹಿಡಿದು ಕೂರುವಂತಿಲ್ಲ. ದೂರದ ಭೂಕಂಪದ ಗುಣವೇ ಬೇರೆ. ಚಟಪಟ ಅಲುಗಾಡಿಸುವ ಅಲೆಗಳು ದಾರಿಯಲ್ಲೇ ಸವೆದುಹೋಗುತ್ತವೆ. ನಿಧಾನವಾಗಿ ತೂಗುವ ಅಲೆಗಳು ನೂರಾರು ಕಿ.ಮೀ. ಬರುತ್ತವೆ, ಬಹಳ ಹೊತ್ತು ಇರುತ್ತವೆ. ಅಹಮದಾಬಾದ್ ನಿಂತಿರುವುದು ಸಾಬರಮತಿ ಹೊತ್ತು ತಂದ ಆಳವಾದ ಮೆಕ್ಕಲು ಮಣ್ಣಿನ ಮೇಲೆ. ಅಂಥ ಮಣ್ಣು ನಿಧಾನದ ತೂಗಾಟವನ್ನು ಹಿಗ್ಗಿಸುತ್ತದೆ. ಇನ್ನು ಕಟ್ಟಡಕ್ಕೂ ತನ್ನದೇ ತೂಗುವ ಲಯವಿರುತ್ತದೆ. ಮಾನದಂಡದ ಸರಳ ಸೂತ್ರದ ಪ್ರಕಾರ 15 ಮೀಟರ್ ಎತ್ತರದ ಕಾಂಕ್ರೀಟ್ ಚೌಕಟ್ಟು ಒಮ್ಮೆ ಅತ್ತಿತ್ತ ತೂಗಲು ಸುಮಾರು 0.57 ಸೆಕೆಂಡು ಬೇಕು, 33 ಮೀಟರಿನದಕ್ಕೆ ಸುಮಾರು 1 ಸೆಕೆಂಡು. ಒಂದೆರಡು ಮಹಡಿಯ ಮನೆಗಳು ಬಹುಪಾಲು ಉಳಿದು, ಐದರಿಂದ ಹನ್ನೊಂದು ಅಂತಸ್ತಿನವು ಪೆಟ್ಟು ತಿಂದದ್ದು ಇದಕ್ಕೇ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋ ನಗರಕ್ಕೆ ಆದದ್ದೂ ಹೀಗೆಯೇ. ಕೇಂದ್ರ 350 ಕಿ.ಮೀ.ಗೂ ಆಚೆ, ಸತ್ತವರು ಸಾವಿರಾರು, ನಗರದ ಅಡಿಯಲ್ಲಿ ಹಳೆಯ ಕೆರೆಯ ಕೆಸರು. ಬೆಂಗಳೂರಿನ ಬಹುಪಾಲು ನೆಲದಡಿ ಗಟ್ಟಿ ಕಲ್ಲು ಬೇಗ ಸಿಗುತ್ತದೆ, ಅದು ನಮ್ಮ ಪುಣ್ಯ. ಆದರೆ ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳನ್ನು ಮುಚ್ಚಿ ಕಟ್ಟಿದ ಜಾಗಗಳಿಗೆ ಆ ಮಾತು ಹಾಗೇ ಅನ್ವಯಿಸುವುದಿಲ್ಲ.

ಅಹಮದಾಬಾದಿಗೆ ಎಚ್ಚರಿಕೆ ಸಿಕ್ಕಿರಲಿಲ್ಲ ಎನ್ನುವಂತೆಯೂ ಇಲ್ಲ. 1819ರ ಜೂನ್ 16ರಂದು ಕಚ್ಛ್‌ನಲ್ಲೇ ಆದ ದೊಡ್ಡ ಭೂಕಂಪಕ್ಕೆ ಅಲ್ಲಿನ ಜಾಮಾ ಮಸೀದಿಯ ಮಿನಾರುಗಳು ಉರುಳಿದ್ದವು. ಆಗಲೂ ಕೇಂದ್ರ ದೂರದಲ್ಲೇ, ಅದೇ ಬಗೆಯ ನಿಧಾನದ ತೂಗಾಟ, ಎತ್ತರದ ಕಟ್ಟಡಕ್ಕೇ ಪೆಟ್ಟು.

ಈಗ ಬಿದ್ದ ಕಟ್ಟಡದ ಒಳಗೆ ಹೋಗೋಣ. ಅಲ್ಲಿನ ಸಾಮಾನ್ಯ ನಮೂನೆ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ಪಾರ್ಕಿಂಗ್ ಜಾಗ ಕಟ್ಟಲು ಅನುಮತಿಯಿದ್ದ ನೆಲಹರವಿನ ಲೆಕ್ಕಕ್ಕೆ ಬರುತ್ತಿರಲಿಲ್ಲ, ಆದ್ದರಿಂದ ಕೆಳಗೆ ಗೋಡೆಯೇ ಇಲ್ಲದೆ ಪಿಲ್ಲರ್‌ಗಳು ಮಾತ್ರ. ಮೇಲಿನ ಮಹಡಿಗಳು ಕೆಳಗಿನದಕ್ಕಿಂತ ಹೊರಚಾಚಲು ನಿಯಮದಲ್ಲಿ ಅವಕಾಶವಿತ್ತು, ಆದ್ದರಿಂದ ಮೊದಲ ಮಹಡಿಯಿಂದ ಮೇಲಕ್ಕೆ ಎಲ್ಲಾ ಕೋಣೆಗಳೂ ಒಂದೂವರೆ ಮೀಟರಿನಷ್ಟು ಹೊರಗೆ. ಹೊರಚಾಚಿದ ಅಂಚಿನ ಗೋಡೆಯನ್ನು ಹೊರಲು ಬೀಮಿನ ತುದಿಯ ಮೇಲೆ ಹೊಸ ಪಿಲ್ಲರ್ ಎಬ್ಬಿಸಿದರು. ಈ ಪಿಲ್ಲರ್‌ಗೆ ಕೆಳಗೆ ನೆಲವೇ ಇಲ್ಲ, ಅದು ಗಾಳಿಯಲ್ಲಿರುವ ಬೀಮಿನ ಮೇಲೆ ನಿಂತಿದೆ. ತೇಲುವ ಪಿಲ್ಲರ್ ಎಂದೇ ಅದಕ್ಕೆ ಹೆಸರು. ಸುಮ್ಮನೆ ನಿಂತಿರುವಾಗ ಭಾರ ಹೇಗೋ ಒಳಗಿನ ಪಿಲ್ಲರ್‌ಗೆ ಸಾಗುತ್ತದೆ. ಅಡ್ಡಕ್ಕೆ ತೂಗಿದಾಗ ಆ ಅಂಚಿನ ಸಾಲಿನ ಬಲಕ್ಕೆ ನೆಲ ಸೇರಲು ನೇರ ದಾರಿಯಿಲ್ಲ. ಬೀಮಿನ ತುದಿಯಲ್ಲಿ ತಿರುಚಿಕೊಂಡು, ಬೀಮು ಪಿಲ್ಲರ್ ಸೇರುವ ಗಂಟನ್ನೇ ಒಡೆಯುತ್ತದೆ.

ಮೇಲಿನ ನಾಲ್ಕು ಮಹಡಿಗಳಲ್ಲಿ ಕೋಣೆ ಕೋಣೆಗೂ ಇಟ್ಟಿಗೆ ಗೋಡೆ. ಲೆಕ್ಕದ ಹಾಳೆಯಲ್ಲಿ ಆ ಗೋಡೆಗಳು ಬರೀ ಭಾರ, ಆದರೆ ನಿಜದಲ್ಲಿ ಅವು ನಾಲ್ಕು ಮಹಡಿಯನ್ನೂ ಒಂದೇ ಗಟ್ಟಿ ಪೆಟ್ಟಿಗೆಯಾಗಿ ಬಿಗಿದುಬಿಡುತ್ತವೆ. ಹೊಲ ಕಾಯಲು ನಾಲ್ಕು ಗಳು ನೆಟ್ಟು ಮೇಲೆ ಅಟ್ಟಣೆ ಕಟ್ಟುತ್ತೇವಲ್ಲ, ಆ ಅಟ್ಟಣೆಯ ಮೇಲೆ ಕಲ್ಲಿನ ಪೆಟ್ಟಿಗೆ ಇಟ್ಟ ಹಾಗೆ. ಅಲುಗಾಡಿಸಿದರೆ ಪೆಟ್ಟಿಗೆಗೆ ಏನೂ ಆಗದು, ಬಾಗುವುದೆಲ್ಲ ಗಳುಗಳೇ. ಕಟ್ಟಡದ ತುದಿ 60 ಮಿ.ಮೀ. ಸರಿಯಬೇಕಾದರೆ ಐದು ಅಂತಸ್ತುಗಳು ಹಂಚಿಕೊಂಡು ತಲಾ 12 ಮಿ.ಮೀ. ಬಾಗಿದರೆ ಚಿಂತೆಯಿಲ್ಲ. ಅಷ್ಟೂ 60 ಮಿ.ಮೀ. ನೆಲಮಹಡಿಯ 2.7 ಮೀಟರ್ ಪಿಲ್ಲರ್‌ಗಳ ಪಾಲಿಗೇ ಬಂದರೆ ತುದಿ ಬುಡ ಎರಡರಲ್ಲೂ ಕಾಂಕ್ರೀಟ್ ಒಡೆಯುತ್ತದೆ. ಮೇಲಾಗಿ ಅಷ್ಟು ಸರಿದ ಮೇಲೆ ಮೇಲಿನ ಭಾರ ಪಿಲ್ಲರಿನ ನೆತ್ತಿಯ ಮೇಲೆ ನೇರ ಕೂರದೆ ಪಕ್ಕಕ್ಕೆ ಜಗ್ಗತೊಡಗುತ್ತದೆ. ಆಮೇಲಿನದನ್ನು ಕೆಡವಲು ಭೂಕಂಪವೇ ಬೇಕಿಲ್ಲ.

ಒಂದು ಕಚ್ಚಾ ಲೆಕ್ಕ ಹಾಕೋಣ. ಮಹಡಿಗೆ 150 ಚದರ ಮೀಟರ್ ಇರುವ, ಪಾರ್ಕಿಂಗ್ ಮೇಲೆ ನಾಲ್ಕು ಮಹಡಿಯ ಕಟ್ಟಡ. ಸ್ಲ್ಯಾಬು, ಬೀಮು, ಗೋಡೆ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 1.1 ಟನ್ ಅಂದುಕೊಂಡರೆ ಒಂದು ಮಟ್ಟಕ್ಕೆ 165 ಟನ್, ತಾರಸಿಯೂ ಸೇರಿ ಐದು ಸ್ಲ್ಯಾಬ್ ಮಟ್ಟಕ್ಕೆ ಸುಮಾರು 800 ಟನ್. ನೆಲದ ಕಂಪನ 0.1 ಜಿ ಇದ್ದರೂ ಲಯ ಕೂಡಿದಾಗ ಕಟ್ಟಡ ಅದನ್ನು ಎರಡೂವರೆ ಪಟ್ಟು ಹಿಗ್ಗಿಸಿಕೊಳ್ಳುತ್ತದೆ. 800ರಲ್ಲಿ ಕಾಲುಭಾಗ, 200 ಟನ್ ಅಡ್ಡಬಲ. ನೆಲಮಹಡಿಯಲ್ಲಿ 12 ಪಿಲ್ಲರ್ ಇದ್ದರೆ ತಲಾ 17 ಟನ್, ತುದಿ ಬುಡಗಳಲ್ಲಿ ಬಾಗುವಿಕೆಯ ಬಲ ತಲಾ ಸುಮಾರು 23 ಟನ್-ಮೀಟರ್. ಅಲ್ಲಿನ ಪಿಲ್ಲರಿನ ಅಳತೆ ಸಾಮಾನ್ಯವಾಗಿ 230 ಬೈ 450 ಮಿ.ಮೀ. ಎಂಟು 16 ಮಿ.ಮೀ. ಕಂಬಿ, ಎಂ-20 ಕಾಂಕ್ರೀಟ್ ಎಂದು ಹಿಡಿದರೆ ಅದರ ವಿನ್ಯಾಸ ಸಾಮರ್ಥ್ಯ ಅಗಲದ ದಿಕ್ಕಿಗೆ 12 ಟನ್-ಮೀಟರ್ ಆಸುಪಾಸು, ಕಿರಿದಾದ ದಿಕ್ಕಿಗೆ ಬರೀ 5.

230 ಯಾಕೆ? ಒಂಬತ್ತಿಂಚಿನ ಗೋಡೆಯೊಳಗೆ ಪಿಲ್ಲರ್ ಮುಚ್ಚಿಹೋಗಲಿ, ಕೋಣೆಯ ಮೂಲೆಯಲ್ಲಿ ಉಬ್ಬು ಕಾಣದಿರಲಿ ಎಂದು. ಬೀರು ಇಡಲು ಅಡ್ಡ ಬರುತ್ತದೆ ಎಂಬುದು ನಮ್ಮ ಮನೆಗಳಲ್ಲೂ ಕೇಳುವ ಮಾತೇ. ಅದೂ ಎಷ್ಟೋ ಕಟ್ಟಡಗಳಲ್ಲಿ ಎಲ್ಲಾ ಪಿಲ್ಲರ್‌ಗಳ ಕಿರಿದಾದ ಮುಖವೂ ಒಂದೇ ಕಡೆಗೆ. ಕಾರು ಸರಾಗವಾಗಿ ಒಳಬರಲಿ ಎಂದು ಹಾಗೆ ನಿಲ್ಲಿಸಿದರೆ ಕಟ್ಟಡ ಒಂದು ದಿಕ್ಕಿಗೆ ಮಾತ್ರ ಗಟ್ಟಿ, ಇನ್ನೊಂದು ದಿಕ್ಕಿಗೆ ರಟ್ಟು.

ಇಲ್ಲೊಂದು ಪ್ರಶ್ನೆ ಬರಬೇಕು. ಬೇಕಾದದ್ದು 23, ಇರುವುದು 5 ಎಂದಾದರೆ ನಿಯಮ ಪಾಲಿಸಿ ಕಟ್ಟಿದ್ದೂ ಬೀಳಬೇಕಲ್ಲವೇ? ಮಾನದಂಡ 200 ಟನ್ ತಡೆಯುವಂತೆ ಕಟ್ಟು ಎನ್ನುವುದೇ ಇಲ್ಲ. ಅದು ಆ ಬಲವನ್ನು ಮೊದಲು ಅರ್ಧ ಮಾಡುತ್ತದೆ, ಆಮೇಲೆ ಸಾಧಾರಣ ಚೌಕಟ್ಟಾದರೆ 3ರಿಂದ, ವಿಶೇಷವಾಗಿ ಕಂಬಿ ಕಟ್ಟಿದ ಚೌಕಟ್ಟಾದರೆ 5ರಿಂದ ಭಾಗಿಸುತ್ತದೆ. 200 ಇದ್ದದ್ದು 33 ಟನ್ನಿಗೋ 20 ಟನ್ನಿಗೋ ಇಳಿಯುತ್ತದೆ. ಉಳಿದದ್ದನ್ನು ಕಟ್ಟಡ ಬಾಗಿ, ಬಿರುಕು ಬಿಟ್ಟು, ಕಂಬಿ ಎಳೆದುಕೊಂಡು, ಆದರೆ ಕುಸಿಯದೆ ನುಂಗಿಕೊಳ್ಳಬೇಕು. ಮುರಿಯದೆ ಬಾಗುವ ಆ ಗುಣ ಕಾಂಕ್ರೀಟಿಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಕೊಡುವುದು ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಕಟ್ಟುವ ರಿಂಗ್.

ರಿಂಗ್ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಅಹಮದಾಬಾದಿನ ಪಿಲ್ಲರ್‌ಗಳ ಹೆಣ ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ. ಜೋಳವನ್ನು ನೆಲದ ಮೇಲೆ ಸುರಿದು ಅದರ ಮೇಲೆ ನಿಂತರೆ ಕಾಳು ನಾಲ್ಕೂ ಕಡೆ ಜಾರುತ್ತದೆ. ಅದೇ ಜೋಳವನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಹತ್ತು ಚೀಲ ಒಂದರ ಮೇಲೊಂದು ಪೇರಿಸಬಹುದು. ಪಿಲ್ಲರಿನ ತುದಿಯಲ್ಲಿ ಕಾಂಕ್ರೀಟ್ ಒಡೆದು ಜಲ್ಲಿಯಾದ ಮೇಲೂ ಅದನ್ನು ಒಳಗೇ ಹಿಡಿದಿಡುವ ಗೋಣಿಚೀಲವೇ ರಿಂಗುಗಳು. ಚೀಲದ ಹೆಣಿಗೆ ಒತ್ತಾಗಿರಬೇಕು, ಬಾಯಿ ಬಿಚ್ಚಬಾರದು.

ಬಿದ್ದ ಕಟ್ಟಡಗಳ ಪಿಲ್ಲರ್‌ಗಳಲ್ಲಿ 6 ಅಥವಾ 8 ಮಿ.ಮೀ. ರಿಂಗುಗಳು 200-225 ಮಿ.ಮೀ. ಅಂತರದಲ್ಲಿ, ಮೇಲಿಂದ ಕೆಳಗಿನವರೆಗೂ ಒಂದೇ ಸಮನೆ. ತುದಿಗಳಲ್ಲಿ ಒತ್ತೊತ್ತಾಗಿ ಕಟ್ಟಿರಲಿಲ್ಲ. ಬೀಮು ಪಿಲ್ಲರ್ ಸೇರುವ ಗಂಟಿನೊಳಗೆ ಬಹಳ ಕಡೆ ರಿಂಗೇ ಇರಲಿಲ್ಲ, ಏಕೆಂದರೆ ನಾಲ್ಕೂ ಕಡೆಯಿಂದ ಬೀಮಿನ ಕಂಬಿ ಬಂದು ಸೇರುವ ಆ ಜಾಗದಲ್ಲಿ ರಿಂಗ್ ತೂರಿಸಿ ಕಟ್ಟುವುದು ಕಷ್ಟದ ಕೆಲಸ. ಇನ್ನು ಕೊಕ್ಕೆ. ರಿಂಗಿನ ಎರಡು ತುದಿಗಳನ್ನು ಮೂಲೆಯ ಕಂಬಿಯ ಸುತ್ತ 90 ಡಿಗ್ರಿಗೆ ಮಡಚಿ ಬಿಟ್ಟಿದ್ದರು. ಹಾಗೆ ಮಡಚಿದರೆ ಎರಡೂ ತುದಿ ಪಿಲ್ಲರಿನ ಮುಖಕ್ಕೆ ಸಮಾನಾಂತರವಾಗಿ, ಹೊರಗಿನ ಕವರ್ ಕಾಂಕ್ರೀಟಿನ ಒಳಗೆ ಮಲಗಿರುತ್ತವೆ. ಭೂಕಂಪದಲ್ಲಿ ಮೊದಲು ಉದುರುವುದೇ ಆ ಕವರ್. ಅದು ಉದುರಿದ ಕೂಡಲೇ ಕೊಕ್ಕೆಗೆ ಹಿಡಿತ ಇಲ್ಲ, ಒಳಗಿನ ಒತ್ತಡಕ್ಕೆ ರಿಂಗ್ ಬಾಯಿ ತೆರೆಯುತ್ತದೆ, ಉದ್ದ ಕಂಬಿಗಳು ಹೊರಕ್ಕೆ ಬಿಲ್ಲಿನಂತೆ ಬಾಗುತ್ತವೆ, ಒಳಗಿನ ಜಲ್ಲಿ ಸುರಿದುಹೋಗುತ್ತದೆ. 800 ಟನ್ ಹಂಚಿಕೊಂಡು ಹೊತ್ತ ಕಂಬಗಳ ಉದ್ದ ಒಂದಡಿ ಕಡಿಮೆಯಾಗುತ್ತದೆ. ಕೊಕ್ಕೆಯನ್ನು 135 ಡಿಗ್ರಿಗೆ, ಅಂದರೆ ಪಿಲ್ಲರಿನ ಹೊಟ್ಟೆಯ ಕಡೆಗೆ ಮಡಚಿದ್ದರೆ ತುದಿ ಒಳಗಿನ ಕಾಂಕ್ರೀಟಿನಲ್ಲಿ ಹೂತಿರುತ್ತದೆ, ಕವರ್ ಹೋದರೂ ಬಿಚ್ಚದು. ಬಾರ್ ಬೆಂಡಿಂಗ್ ಮಣೆಯ ಮೇಲೆ ಇನ್ನರ್ಧ ಮಡಿಕೆ, ಅಷ್ಟೇ ವ್ಯತ್ಯಾಸ.

ಈ ನಿಯಮ ಭೂಕಂಪ ಆದ ಮೇಲೆ ಬರೆದದ್ದಲ್ಲ. ಮುರಿಯದೆ ಬಾಗುವ ಗುಣಕ್ಕಾಗಿ ಕಂಬಿ ಹೇಗೆ ಕಟ್ಟಬೇಕೆಂದು ಹೇಳುವ ಐಎಸ್ 13920 ಬಂದದ್ದು 1993ರಲ್ಲಿ. 135 ಡಿಗ್ರಿ ಕೊಕ್ಕೆ, ತುದಿಗಳಲ್ಲಿ ಒತ್ತು ರಿಂಗು, ಗಂಟಿನೊಳಗೂ ರಿಂಗು, ಕಂಬಿ ಜೋಡಣೆ ಪಿಲ್ಲರಿನ ನಡುಭಾಗದಲ್ಲಿ ಮಾತ್ರ, ಇಷ್ಟೂ ಅದರಲ್ಲೇ ಇತ್ತು. ಪುಸ್ತಕ ಮುದ್ರಣವಾಗಿ ಏಳು ವರ್ಷವಾಗಿದ್ದರೂ ಸೈಟಿಗೆ ಇಳಿದಿರಲಿಲ್ಲ. ಕಂಬಿ ಜೋಡಣೆ ಮಾಡುತ್ತಿದ್ದದ್ದು ಸ್ಲ್ಯಾಬಿನಿಂದ ಮೇಲೆದ್ದ ಕೂಡಲೇ, ಬುಡದಲ್ಲೇ, ಎಲ್ಲಾ ಕಂಬಿಗಳಿಗೂ ಒಂದೇ ಎತ್ತರದಲ್ಲಿ. ಬಾಗುವಿಕೆ ಎಲ್ಲಿ ಅತಿ ಹೆಚ್ಚೋ ಅಲ್ಲೇ ಕಂಬಿಯ ತುಂಡು. ಮೇಸ್ತ್ರಿಗೆ ಅದು ಅನುಕೂಲ, ಕಂಬಿ ಉದ್ದ ನಿಲ್ಲಿಸಿ ಹಿಡಿದುಕೊಳ್ಳುವ ರಗಳೆ ಇಲ್ಲ.

ಇನ್ನೊಂದು ದುರ್ಬಲ ಜಾಗ ಪಿಲ್ಲರಿನ ನೆತ್ತಿ. ಪಿಲ್ಲರಿಗೆ ಬೀಮಿನ ತಳದ ಒಂದಡಿ ಕೆಳಗಿನವರೆಗೆ ಕಾಂಕ್ರೀಟ್ ತುಂಬಿ ನಿಲ್ಲಿಸುತ್ತಾರೆ, ಉಳಿದದ್ದನ್ನು ಬೀಮು ಸ್ಲ್ಯಾಬಿನ ಜೊತೆ. ನಡುವೆ ಕೆಲವು ದಿನ ಕಳೆದಿರುತ್ತದೆ. ಅಲ್ಲಿ ಮರದ ಹೊಟ್ಟು, ಬೈಂಡಿಂಗ್ ವೈರ್ ಚೂರು, ಸಿಮೆಂಟ್ ಹಾಲಿನ ಪದರ ಕೂತಿರುತ್ತವೆ. ವೈಬ್ರೇಟರಿನ ಸೂಜಿ ಬೀಮಿನ ಕಂಬಿಗಳ ಸಂದಿಯಲ್ಲಿ ಇಳಿಯುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂತೆ ಕಾಣುವ ಆ ಒಂದಡಿಗೆ ಗಾರೆ ಬಳಿದು ಮುಚ್ಚುತ್ತಾರೆ.

ಹತ್ತು ಮಹಡಿಯ ಕಟ್ಟಡಗಳಲ್ಲಿ ಲಿಫ್ಟ್ ಸುತ್ತ ಕಾಂಕ್ರೀಟ್ ಗೋಡೆ ಇರುತ್ತಿತ್ತು. ಸರಿಯಾಗಿ ಜೋಡಿಸಿದ್ದರೆ ಕಟ್ಟಡವನ್ನು ಉಳಿಸಬೇಕಿದ್ದದ್ದು ಅದೇ. ಆದರೆ ಅದು ಒಂದು ಮೂಲೆಯಲ್ಲೋ ಅಂಚಿನಲ್ಲೋ ಇದ್ದು, ಸ್ಲ್ಯಾಬಿನ ನಾಲ್ಕಾರು ಕಂಬಿಗಳಿಂದ ಮಾತ್ರ ಅಂಟಿಕೊಂಡಿತ್ತು. ಕಟ್ಟಡ ಅದರ ಸುತ್ತ ತಿರುಚಿಕೊಂಡಿತು, ಸ್ಲ್ಯಾಬುಗಳು ಕಿತ್ತುಬಂದವು. ಮಹಡಿಗಳೆಲ್ಲ ನೆಲಕ್ಕೆ ಬಿದ್ದು ಲಿಫ್ಟಿನ ಗೂಡು ಮಾತ್ರ ಒಂಟಿಯಾಗಿ ನಿಂತ ಕಡೆಗಳುಂಟು.

ನಿಂತ ಕಟ್ಟಡಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಪಾಠ ಅಲ್ಲಿದೆ. ಅದೇ ಬಡಾವಣೆ, ಅದೇ ಕಾಲ, ಅಷ್ಟೇ ತೆಳ್ಳಗಿನ ಪಿಲ್ಲರ್. ಆದರೆ ನೆಲಮಹಡಿಯಲ್ಲಿ ಕೆಲವು ಅಂಗಡಿ, ಕಾವಲುಗಾರನ ಕೋಣೆ, ಮೀಟರ್ ಕೋಣೆ ಎಂದು ಇಟ್ಟಿಗೆ ಗೋಡೆಗಳಿದ್ದವು. ಯಾರೂ ಭೂಕಂಪಕ್ಕೆಂದು ಕಟ್ಟಿದ್ದಲ್ಲ, ಲೆಕ್ಕದಲ್ಲೂ ಇರಲಿಲ್ಲ. ಅವು ಬಿರುಕು ಬಿಟ್ಟು ಅಡ್ಡಬಲವನ್ನು ತಿಂದುಕೊಂಡವು, ಕಟ್ಟಡ ನಿಂತಿತು. 0.11 ಜಿ ಎಂಬ ಅಂಕಿ ನಿಜಕ್ಕೂ ಎಷ್ಟು ಚಿಕ್ಕದು ಎಂಬುದು ಇದರಿಂದ ತಿಳಿಯುತ್ತದೆ. ನಾಲ್ಕು ಸಾದಾ ಗೋಡೆಗಳ ಅಂತರದಲ್ಲಿತ್ತು ಎಷ್ಟೋ ಸಂಸಾರಗಳ ಬದುಕು.

ಕಚ್ಛ್‌ನಲ್ಲೂ ಇಂಥದ್ದೊಂದು ಕಂಡಿತು. ದುಂಡಗಿನ ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಶಂಕುವಿನಾಕಾರದ ಮಾಡು ಇರುವ ಭುಂಗಾ ಮನೆಗಳು ಅಷ್ಟು ಹತ್ತಿರದಲ್ಲೂ ಬಹಳಷ್ಟು ಉಳಿದವು. ಮೂಲೆಯಿಲ್ಲದ ಗೋಡೆ, ಹಗುರ ಸೂರು. ಭುಜ್‌ನಲ್ಲಿ ಕುಸಿದ ಜಿಲ್ಲಾ ಆಸ್ಪತ್ರೆಯ ಬದಲಿಗೆ ಕಟ್ಟಿದ ಹೊಸ ಆಸ್ಪತ್ರೆಯನ್ನು ಸೀಸದ ತಿರುಳಿರುವ ರಬ್ಬರ್ ದಿಂಬುಗಳ ಮೇಲೆ ಕೂರಿಸಿದ್ದಾರೆ. ನೆಲ ಸರಿದರೂ ಮೇಲಿನ ಕಟ್ಟಡ ಅಷ್ಟಾಗಿ ಅಲುಗದ ವ್ಯವಸ್ಥೆ.

2002ರಲ್ಲಿ ಐಎಸ್ 1893 ಬದಲಾಯಿತು. ಅದರಲ್ಲಿ ನಮಗೆ ಮುಖ್ಯವಾದವು ಎರಡು. ಅತಿ ಸುರಕ್ಷಿತ ಎನ್ನುತ್ತಿದ್ದ 1ನೇ ವಲಯವನ್ನೇ ತೆಗೆದುಹಾಕಿದರು. 1993ರ ಸೆಪ್ಟೆಂಬರ್ 30ರಂದು ಬೀದರ್, ಕಲಬುರಗಿಗೆ ಹತ್ತಿರದ ಲಾತೂರಿನ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತಾಗ ಆ ಪ್ರದೇಶ ಇದ್ದದ್ದು ಇದೇ 1ನೇ ವಲಯದಲ್ಲಿ. ಎರಡನೆಯದು, ಗೋಡೆಯಿಲ್ಲದ ನೆಲಮಹಡಿ ಇದ್ದರೆ ಅದರ ಪಿಲ್ಲರು ಬೀಮುಗಳನ್ನು ಲೆಕ್ಕಕ್ಕಿಂತ ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಬೇಕೆಂಬ ಷರತ್ತು. 2016ರಲ್ಲಿ ಐಎಸ್ 13920 ಪರಿಷ್ಕರಣೆಯಾಗಿ ಪಿಲ್ಲರಿನ ಕನಿಷ್ಠ ಅಗಲ 300 ಮಿ.ಮೀ. ಆಯಿತು. ಅಂದರೆ ಒಂಬತ್ತಿಂಚಿನ ಪಿಲ್ಲರ್ ಆ ಪುಸ್ತಕದಲ್ಲಿ ಈಗ ಇಲ್ಲ. ಸೈಟುಗಳಲ್ಲಿ ಇನ್ನೂ ಇದೆ.

ಈಗಾಗಲೇ ಕಟ್ಟಿ ವಾಸವಿರುವ, ಕೆಳಗೆ ಬರೀ ಪಾರ್ಕಿಂಗ್ ಇರುವ ಕಟ್ಟಡಕ್ಕೆ ಏನು ಮಾಡಬಹುದು? ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕಡೆಯಿಂದ ಒಳಗೇನಿದೆ ಎಂದು ನೋಡಿಸಿ. ಕಾಂಕ್ರೀಟಿನೊಳಗಿನ ಕಂಬಿ ಪತ್ತೆಮಾಡುವ ಕವರ್ ಮೀಟರ್ ಹಿಡಿದರೆ ರಿಂಗಿನ ಅಂತರ ಹೊರಗಿನಿಂದಲೇ ತಿಳಿಯುತ್ತದೆ. ಕೊಕ್ಕೆ ನೋಡಲು ಮಾತ್ರ ಒಂದೆರಡು ಪಿಲ್ಲರಿನ ಮೂಲೆಯ ಕವರ್ ಕೆತ್ತಲೇಬೇಕು. ಆಮೇಲೆ ದಾರಿ ಎರಡು. ನನ್ನ ಒಲವು ಗೋಡೆಯ ಕಡೆಗೆ. ನೆಲಮಹಡಿಯಲ್ಲಿ ಆಯ್ದ ಎರಡು ಪಿಲ್ಲರ್‌ಗಳ ನಡುವೆ 150ರಿಂದ 200 ಮಿ.ಮೀ. ದಪ್ಪದ ಕಾಂಕ್ರೀಟ್ ಗೋಡೆ, ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು. ಕಾರು ನಿಲ್ಲುವ ಸಾಲಿಗೆ ಸಮಾನಾಂತರವಾಗಿ, ಕಾಂಪೌಂಡ್ ಕಡೆಯ ಅಂಚಿನಲ್ಲಿ ಇಟ್ಟರೆ ಪಾರ್ಕಿಂಗ್ ಅಷ್ಟೇನೂ ಹೋಗುವುದಿಲ್ಲ. ಗೋಡೆಗೆ ಅದರದೇ ಪಾಯ ಬೇಕು, ಪಿಲ್ಲರಿನ ಪಾಯಕ್ಕೆ ಕಟ್ಟಿರಬೇಕು. ಪಕ್ಕದ ಪಿಲ್ಲರು, ಮೇಲಿನ ಬೀಮುಗಳಿಗೆ ತೂತು ಕೊರೆದು, ಧೂಳು ಊದಿ ತೆಗೆದು, ಎಪಾಕ್ಸಿ ತುಂಬಿ ಕಂಬಿ ನಾಟಬೇಕು. ಬೀಮಿನ ತಳದಲ್ಲಿ ಉಳಿಯುವ ಸಂದನ್ನು ಕುಗ್ಗದ ಗ್ರೌಟ್‌ನಿಂದ ತುಂಬಬೇಕು. ಇಲ್ಲಿ ಎರಡು ತಪ್ಪು ಸಾಮಾನ್ಯ. ನಾಲ್ಕೂ ಗೋಡೆಯನ್ನು ಹಿಂಬದಿಗೇ ಕಟ್ಟಿಬಿಡುವುದು. ಆಗ ಕಟ್ಟಡ ಹಿಂದೆ ಗಟ್ಟಿ, ಮುಂದೆ ಸಡಿಲ, ಅಲುಗಿದಾಗ ತಿರುಚಿಕೊಳ್ಳುತ್ತದೆ. ಇನ್ನೊಂದು, ಗಾಳಿ ಬೆಳಕಿಗೆಂದು ಗೋಡೆಯನ್ನು ಬೀಮಿಗೆ ಎರಡಡಿ ಕೆಳಗೇ ನಿಲ್ಲಿಸುವುದು. ಆಗ ಪಿಲ್ಲರ್ ಬಾಗಲು ಉಳಿಯುವುದು ಆ ಎರಡಡಿ ಮಾತ್ರ, ಅದು ಬಾಗದೆ ಓರೆಯಾಗಿ ಸೀಳುತ್ತದೆ.

ಪಿಲ್ಲರಿಗೆ ಹೊರಗಿನಿಂದ ಕಾಂಕ್ರೀಟ್ ಕವಚ ತೊಡಿಸುವುದು ಎರಡನೇ ದಾರಿ. 2001ರ ನಂತರ ಅಹಮದಾಬಾದಿನಲ್ಲಿ ಅವಸರವಸರವಾಗಿ ಬಹಳ ಕಡೆ ಮಾಡಿದ್ದು ಇದನ್ನೇ. ಸರಿಯಾಗಿ ಮಾಡುವುದಾದರೆ ಮೊದಲು ಸುತ್ತ ಜಾಕಿ ಕೊಟ್ಟು ಬೀಮುಗಳ ಭಾರ ಇಳಿಸಬೇಕು, ಗಾರೆಯನ್ನೂ ಸಡಿಲ ಕಾಂಕ್ರೀಟನ್ನೂ ಕೆತ್ತಿ ಮೈ ಒರಟು ಮಾಡಬೇಕು. ಸುತ್ತ ಕನಿಷ್ಠ 100 ಮಿ.ಮೀ. ಹೊಸ ಕಾಂಕ್ರೀಟ್, ತುದಿಗಳಲ್ಲಿ 100 ಮಿ.ಮೀ.ಗೆ ಒಂದರಂತೆ 135 ಡಿಗ್ರಿ ಕೊಕ್ಕೆಯ ರಿಂಗು. ಹೊಸ ಕಂಬಿಗಳು ಕೆಳಗೆ ಪಾಯಕ್ಕೆ ಇಳಿದು, ಮೇಲೆ ಸ್ಲ್ಯಾಬು ತೂರಿ ಮುಂದಿನ ಮಹಡಿಗೆ ಏರಿರಬೇಕು. ಕವಚವನ್ನು ಟೈಲ್ಸ್ ಮೇಲಿಂದ ಎಬ್ಬಿಸಿ ಬೀಮಿನ ತಳಕ್ಕೆ ನಿಲ್ಲಿಸಿದರೆ ಪಿಲ್ಲರ್ ನಡುವೆ ದಪ್ಪವಾಗುತ್ತದೆ, ಆದರೆ ಒಡೆಯುವ ತುದಿ ಬುಡಗಳು ಮೊದಲಿದ್ದ ಹಾಗೇ ಇರುತ್ತವೆ. ಮಾಡಿಸಿದವರಿಗೆ ಸಮಾಧಾನ ಮಾತ್ರ ಸಿಗುತ್ತದೆ.

ಹೊಸದಾಗಿ ಕಟ್ಟುವವರಿಗೆ ಇಷ್ಟೆಲ್ಲ ಬೇಕಿಲ್ಲ. 12 ಪಿಲ್ಲರಿನ ಐದು ಅಂತಸ್ತಿನ ಮನೆಯಲ್ಲಿ, ಪ್ರತಿ ಪಿಲ್ಲರಿನ ಪ್ರತಿ ಮಹಡಿಗೆ ತುದಿ, ಬುಡ, ಗಂಟು ಸೇರಿ ಹೆಚ್ಚಿಗೆ ಬೇಕಾಗುವುದು ಸುಮಾರು ಹತ್ತು ರಿಂಗು. 8 ಮಿ.ಮೀ.ನ ಒಂದು ರಿಂಗು ಅರ್ಧ ಕಿಲೋ ಆಸುಪಾಸು. ಒಟ್ಟು 300 ಕಿಲೋ ಕಬ್ಬಿಣ. ಕಿಲೋಗೆ 70 ರೂಪಾಯಿ ಹಿಡಿದರೂ 21,000 ರೂಪಾಯಿ, ಜೊತೆಗೆ ಕಂಬಿ ಕಟ್ಟುವವರ ಒಂದೆರಡು ದಿನದ ಕೂಲಿ. ಮುಂಬಾಗಿಲ ಮರಕ್ಕೆ ಅದಕ್ಕಿಂತ ಹೆಚ್ಚು ಕೊಡುತ್ತೇವೆ.

ಪಿಲ್ಲರಿಗೆ ಸೆಂಟ್ರಿಂಗ್ ಹಲಗೆ ಮುಚ್ಚುವ ಮುಂಚೆ ಒಂದು ಅಳತೆ ಟೇಪು ಹಿಡಿದು ಹೋಗಿ. ಬುಡದಿಂದ 450 ಮಿ.ಮೀ.ವರೆಗೆ, ಪಿಲ್ಲರಿನ ಅಗಲ ಅದಕ್ಕಿಂತ ಹೆಚ್ಚಿದ್ದರೆ ಅಷ್ಟರವರೆಗೆ, ರಿಂಗುಗಳ ಅಂತರ 100 ಮಿ.ಮೀ. ಮೀರಿರಬಾರದು, 300 ಮಿ.ಮೀ. ಪಿಲ್ಲರಾದರೆ 75. ಮೇಲಿನ ತುದಿಯಲ್ಲೂ ಹಾಗೇ. ಕೊಕ್ಕೆಯ ತುದಿ ಒಳಮುಖವಾಗಿ ಕನಿಷ್ಠ 65 ಮಿ.ಮೀ. ಇರಬೇಕು, ಒಂದರ ಮೇಲೊಂದು ಬರುವ ರಿಂಗುಗಳ ಕೊಕ್ಕೆ ಒಂದೇ ಮೂಲೆಗೆ ಬರದಂತೆ ಸರದಿಯಲ್ಲಿ ತಿರುಗಿಸಿರಬೇಕು. ರಿಂಗಿನ ಒಂದು ಬದಿ 300 ಮಿ.ಮೀ.ಗಿಂತ ಉದ್ದವಿದ್ದರೆ ನಡುವೆ ಅಡ್ಡ ಕೊಂಡಿ ಇದೆಯೇ ನೋಡಿ. ಕಂಬಿ ಜೋಡಣೆ ನಡು ಎತ್ತರದಲ್ಲಿ, ಒಂದೇ ಮಟ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಂಬಿ ತುಂಡಾಗಿರಬಾರದು. ಸ್ಲ್ಯಾಬ್ ಮೋಲ್ಡಿನ ಹಿಂದಿನ ಸಂಜೆ ಇನ್ನೊಮ್ಮೆ ಹೋಗಿ, ಬೀಮಿನ ಗಂಟಿನೊಳಗೆ ಟಾರ್ಚ್ ಬಿಟ್ಟು ನೋಡಿ. ರಿಂಗು ಕಾಣಬೇಕು, ಹೊಟ್ಟು ಕಸ ಕಾಣಬಾರದು. ಬೀಮಿನ ಕಂಬಿ ಕಟ್ಟಿದ ಮೇಲೆ ಅಲ್ಲಿ ಇಡೀ ರಿಂಗು ತೂರದು ಎಂದು ಬಾರ್ ಬೆಂಡರ್ ಹೇಳಿದರೆ ಅವನ ಮಾತು ನಿಜವೇ. ಬೀಮಿನ ಕಂಬಿಯನ್ನು ಬಿಚ್ಚಿಸಿ, ಗಂಟಿನ ರಿಂಗುಗಳನ್ನು ಮೊದಲು ಪಿಲ್ಲರಿನ ಕಂಬಿಗೆ ತೊಡಿಸಿ, ಆಮೇಲೆ ಬೀಮಿನ ಕಂಬಿ ತೂರಿಸಲು ಹೇಳಿ. ಅದಕ್ಕೆ ಅರ್ಧ ದಿನ ಹಿಡಿಯುತ್ತದೆ. ಮಿಕ್ಸರ್ ಬಾಡಿಗೆ ಕೊಟ್ಟಾಗಿದ್ದರೂ ಮೋಲ್ಡನ್ನು ಮಾರನೇ ದಿನಕ್ಕೆ ಹಾಕಿಸಿ.